ಯೂರೋಗೆ ಯಜಮಾನ ಯಾರು?

ರತ್ನಾವತಿ ಶೆಟ್ಟಿಯವರ ಮುಂದೆ ಯಾವ ವಿಷಯವನ್ನೇ ಎತ್ತಿ, ಅದು ವಿಶ್ವಸಂಸ್ಥೆಯಾಗಲಿ, ಸ್ಯಾನ್ ಹೊಸೆಯ ಯುಗಾದಿ ಕಾರ್ಯಕ್ರಮವಾಗಲಿ, ನೆರೆಮನೆಯವರ ಹೊಸ ಸಂಸಾರವಾಗಲಿ, ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಅದೆಲ್ಲ ಸರಿ ಮಾರಾಯ, ಯಜಮಾನ ಯಾರು?" ಉತ್ತರ ಬರುವವರೆಗೆ ಬಿಡುತ್ತಿರಲಿಲ್ಲ, ಬಂದ ಉತ್ತರವನ್ನು ಒಪ್ಪುತ್ತಲೂ ಇರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ತೊಂಬತ್ತೊಂಬತ್ತನೇ ಇಸವಿಯಲ್ಲಿ, ಮೌಂಟನ್ ವ್ಯೂನ ಒಂದು ಪುಟ್ಟ ಕಂಪನಿಯಲ್ಲಿ. ಯೂರೋಪಿನ ಹನ್ನೊಂದು ದೇಶಗಳು ತಮ್ಮ ಮಾರ್ಕು, ಫ್ರಾಂಕು, ಲೀರಾಗಳನ್ನು ಬಿಟ್ಟು ಒಂದೇ ಹಣಕ್ಕೆ ಒಪ್ಪಿದ್ದ ಕಾಲ ಅದು. ಯೂರೋ ಎಂಬ ಆ ಹಣ ಇನ್ನೂ ಜನರ ಕೈಗೆ ಬಾರದೆ ಬ್ಯಾಂಕುಗಳ ಲೆಕ್ಕದಲ್ಲಷ್ಟೇ ಓಡಾಡುತ್ತಿತ್ತು. ಹಳೆಯದನ್ನು ಹೊಸದಕ್ಕೆ ತಿರುಗಿಸುವ ಸಾಫ್ಟ್‌ವೇರನ್ನು ಬರೆಯುತ್ತಿದ್ದ ನಮ್ಮಲ್ಲಿ ಯೂರೋಪನ್ನು ಕಣ್ಣಾರೆ ಕಂಡವರು ರತ್ನಾವತಿಯವರೊಬ್ಬರೇ. ಮಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಅರ್ಥಶಾಸ್ತ್ರ ಓದಲು ಹೋಗಿ, ಅಲ್ಲಿ ಕೊಂಡ ಸಾಸಿವೆ ಬಣ್ಣದ ಉಣ್ಣೆಯ ಕೋಟನ್ನು ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲೂ ತೊಟ್ಟು, ಎದುರುಗಾಳಿ ಇಲ್ಲದಿದ್ದರೂ ಇದೆಯೆಂಬಂತೆ ಮುಂದಕ್ಕೆ ಬಾಗಿ ನಡೆಯುತ್ತಿದ್ದರು. ಫ್ರೀವೇಯಲ್ಲಿ ಅವರ ಪಕ್ಕ ಕೂರುವುದಕ್ಕೆ ಗುಂಡಿಗೆ ಗಟ್ಟಿಯಿರಬೇಕಿತ್ತು, ಏಕೆಂದರೆ ವಾದ ಬಿಸಿಯೇರಿದರೆ ಎರಡೂ ಕೈಗಳು ಸ್ಟೀರಿಂಗ್ ಬಿಡುತ್ತಿದ್ದವು. ತಪ್ಪು ಒಪ್ಪಿಕೊಳ್ಳುವ ಅಭ್ಯಾಸವಂತೂ ಅವರ ಜಾತಕದಲ್ಲೇ ಇರಲಿಲ್ಲ. ಒಮ್ಮೆ ಅವರ ಪ್ರೋಗ್ರಾಮಿನ ಒಂದು ದೋಷವನ್ನು ನಮ್ಮ ಕಿರಿಯ ಇಂಜಿನಿಯರ್ ಅಭಿರಾಮ್ ತೋರಿಸಿದಾಗ, "ಅದು ಲೀರಾದ ತಪ್ಪು, ನನ್ನದಲ್ಲ" ಎಂದು ಇಡೀ ಇಟಲಿಯ ಮೇಲೆ ಹೊರಿಸಿ ಚಹಾ ಕುಡಿಯಲು ಹೊರಟುಬಿಟ್ಟರು.

ಯೂರೋವನ್ನು ಅವರಷ್ಟು ಪ್ರೀತಿಸಿದವರನ್ನೂ, ಅವರಷ್ಟು ಬೈದವರನ್ನೂ ನಾನು ಕಂಡಿಲ್ಲ. ಎರಡು ಮಹಾಯುದ್ಧಗಳಲ್ಲಿ ಪರಸ್ಪರರ ಮಕ್ಕಳನ್ನು ಕೊಂದವರು ಒಂದೇ ಹಣದ ಚೀಲಕ್ಕೆ ಕೈಹಾಕಲು ಒಪ್ಪಿದ್ದಾರಲ್ಲ ಎಂದು ಹೇಳುವಾಗ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಮರುಕ್ಷಣವೇ ಆ ಚೀಲ ಹೊಲಿದವರಿಗೆ ಬುದ್ಧಿಯಿಲ್ಲವೆಂದು ಮಂಗಳಾರತಿ ಶುರುವಾಗುತ್ತಿತ್ತು. ನಮ್ಮ ಮುಖ್ಯಸ್ಥ ಅರವಿಂದ ಬೆಂಗಳೂರಿನವನು, ಹುಟ್ಟು ಆಶಾವಾದಿ. "ಕರೆನ್ಸಿ ಒಂದಾದ್ರೆ ಪಾಲಿಟಿಕ್ಸು ಆಟೋಮ್ಯಾಟಿಕ್ಕಾಗಿ ಫಾಲೋ ಆಗುತ್ತೆ ಮೇಡಂ" ಎಂದು ಅವನು ಒಮ್ಮೆ ಬಾಯಿತಪ್ಪಿ ಅಂದದ್ದೇ ತಡ, ಮೀಟಿಂಗು ನಿಂತುಹೋಯಿತು.

"ಎಂತದು ಆಟೋಮ್ಯಾಟಿಕ್ಕು? ನಮ್ಮದು ಅಳಿಯಕಟ್ಟಿನ ಕುಟುಂಬ, ತಾಯಿಯ ಕಡೆಯಿಂದ ವಂಶ ಎಣಿಸುವುದು. ಆಸ್ತಿ ಒಂದೇ, ಒಲೆ ಮಾತ್ರ ಬೇರೆಬೇರೆ. ಯಜಮಾನ್ತಿ ಯಾರು? ನನ್ನ ಅಜ್ಜಿ. ಯಾಕೆ? ಎಲ್ಲ ಒಲೆಯವರೂ ಉಂಡರಾ ಅಂತ ನೋಡಿ, ಕೊನೆಗೆ ಉಣ್ತಿದ್ದದ್ದು ಅವರು. ಯೂರೋಪಿನಲ್ಲಿ ಚೀಲ ಉಂಟು, ಕೊನೆಗೆ ಉಣ್ಣಲಿಕ್ಕೆ ಯಾರು ರೆಡಿ ಇದ್ದಾರೆ, ಹೇಳು ನೋಡುವ?"

ಒಂದು ದೇಶ ಕಷ್ಟಕ್ಕೆ ಬಿದ್ದ ದಿನ ಇನ್ನೊಂದು ತನ್ನ ತಟ್ಟೆಯಿಂದ ಬಡಿಸಬೇಕು, ಹಾಗೆ ಬಡಿಸೆಂದು ಹೇಳುವ ಅಧಿಕಾರವುಳ್ಳ ಒಂದು ಸರ್ಕಾರ ಬೇಕು, ಅದಿಲ್ಲದಿದ್ದರೆ ಮೊದಲ ಬರಗಾಲಕ್ಕೇ ಜಗಳ ಬೀದಿಗೆ ಬರುತ್ತದೆ: ಇದು ಅವರ ಸಿದ್ಧಾಂತ. ಅರವಿಂದ ನನ್ನತ್ತ ನೋಡಿ ಕಣ್ಣು ಮಿಟುಕಿಸಿದ, ನಾನೂ ನಕ್ಕೆ.

ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಎಲ್ಲರ ಡಬ್ಬಿಗಳನ್ನೂ ಮೇಜಿನ ನಡುವೆ ತೆರೆದಿಟ್ಟು ಹಂಚಿ ತಿನ್ನುವ ರೂಢಿಯಿತ್ತು. ಮೈಸೂರಿನ ಹುಳಿ, ಉಡುಪಿಯ ಗೊಜ್ಜು, ಬೆಳಿಗ್ಗೆ ಸೋಮಾರಿತನ ಮಾಡಿದವನ ಒಣ ಬ್ರೆಡ್ಡು, ಎಲ್ಲಕ್ಕೂ ಅಲ್ಲಿ ಸಮಾನ ಪೌರತ್ವ. ರತ್ನಾವತಿಯವರು ಮಾತ್ರ ಎಲ್ಲರ ತಟ್ಟೆ ತುಂಬುವವರೆಗೆ ವಾದ ಮಾಡುತ್ತ ನಿಂತಿರುತ್ತಿದ್ದರು. ಡಬ್ಬಿಗಳು ಬರಿದಾದ ದಿನ ಒಂದು ಬಾಳೆಹಣ್ಣು ಸುಲಿದುಕೊಂಡು ವಾದ ಮುಂದುವರಿಸುತ್ತಿದ್ದರು. ಅವರಿಗೆ ಒಪ್ಪತ್ತಿರಬೇಕೆಂದು ನಾವೆಲ್ಲ ತಿಳಿದಿದ್ದೆವು. ಸೋಮವಾರವಾದರೆ ಶಿವನಿಗೆ, ಶನಿವಾರವಾದರೆ ವೆಂಕಟರಮಣನಿಗೆ ಎಂದು ವಾರಕ್ಕೊಬ್ಬ ದೇವರನ್ನೂ ನಾವೇ ಹೊಂದಿಸಿಕೊಟ್ಟಿದ್ದೆವು.

ಎರಡು ಸಾವಿರದ ಒಂದರ ವಸಂತದಲ್ಲಿ ಡಾಟ್‌ಕಾಮ್ ಗುಳ್ಳೆ ಒಡೆದು ಸಿಲಿಕಾನ್ ಕಣಿವೆಯ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದಾಗ, ಹಣ ಹೂಡಿದವರು ನಮ್ಮಲ್ಲೂ ಒಂದು ತಲೆ ಕಡಿಮೆಯಾಗಬೇಕೆಂದರು. ಕೊನೆಗೆ ಸೇರಿದವನು, ಹಾಗಾಗಿ ಮೊದಲು ಹೋಗಬೇಕಾದವನು, ಅಭಿರಾಮ್. ಅವನಿದ್ದದ್ದು ಕೆಲಸದ ವೀಸಾದ ಮೇಲೆ. ಕೆಲಸ ಹೋದರೆ ದೇಶವನ್ನೇ ಬಿಡಬೇಕು, ಹೆಂಡತಿ ಹರಿಪ್ರಿಯಾಗೆ ಆಗ ಏಳು ತಿಂಗಳು. ಆ ಮಧ್ಯಾಹ್ನ ಮೇಜಿನ ಸುತ್ತ ಯಾರೂ ಅವನ ಮುಖ ನೋಡಲಿಲ್ಲ. ಅರವಿಂದ ಬಾಯಿ ತೆರೆಯುವ ಮೊದಲೇ ರತ್ನಾವತಿಯವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ನನ್ನ ಹೆಸರು ಬರೆದುಕೋ" ಎಂದರು.

"ಮೇಡಂ, ಯೂರೋ ಪೂರ್ತಿ ಗೊತ್ತಿರೋದು ನಿಮಗೊಬ್ರಿಗೇ."

"ಹಾಗಾದ್ರೆ ಅವನಿಗೆ ಕಲಿಸಿಯೇ ಹೋಗ್ತೇನೆ. ನನಗೆ ಗ್ರೀನ್ ಕಾರ್ಡು ಉಂಟು. ಅವನಿಗೆ ಎಂತ ಉಂಟು?"

ಐವತ್ತು ದಾಟಿದ ಒಂಟಿ ಹೆಂಗಸಿಗೆ ಆ ವರ್ಷ ಯಾರು ಕೆಲಸ ಕೊಡುತ್ತಿದ್ದರು? ಸ್ಯಾನ್ ಹೊಸೆಯ ಎವರ್‌ಗ್ರೀನ್ ಬಡಾವಣೆಯ ಗುಡ್ಡದ ಮೇಲೆ ಆಸೆಪಟ್ಟು ಕೊಂಡಿದ್ದ ಮನೆಯನ್ನು ಮಾರಿ ಒಂದು ಸಣ್ಣ ಅಪಾರ್ಟ್‌ಮೆಂಟಿಗೆ ಹೋದರು. ಅದನ್ನು ತ್ಯಾಗವೆಂದು ಕರೆದವರಿಗೆ ಸರಿಯಾಗಿ ಬೈಸಿಕೊಳ್ಳುವ ಯೋಗವೂ ಬಂತು. ಅವರು ಹೋದ ಮಾರನೆಯ ದಿನ ನಾವು ಎಂದಿನಂತೆ ಡಬ್ಬಿಗಳನ್ನು ತೆರೆದಿಟ್ಟು ಕೂತೆವು. ಯಾರೂ ಮೊದಲು ಕೈಹಾಕಲಿಲ್ಲ. ಅಭಿರಾಮ್ ತಲೆ ತಗ್ಗಿಸಿ, "ಅವರಿಗೆ ಒಪ್ಪತ್ತು ಇರಲಿಲ್ಲ ಅಲ್ವಾ?" ಎಂದು ಕೇಳಿದ. ಗೊಜ್ಜು ಆರಿಹೋಯಿತು.

ಯೂರೋ ನಾಣ್ಯ ಚಲಾವಣೆಗೆ ಬಂದ ಜನವರಿಯಲ್ಲಿ ಅವರ ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಜರ್ಮನಿಯ ಗೆಳತಿಯೊಬ್ಬರು ತಂದುಕೊಟ್ಟ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಮಗುವಿನಂತೆ ಹಿಗ್ಗುತ್ತಿದ್ದರು. "ನೋಡು, ಈ ಮುಖ ಎಲ್ಲರದ್ದು, ಆ ಮುಖ ಅವರವರ ದೇಶದ್ದು. ಕಷ್ಟ ಬಂದ ದಿನ ಯಾವುದನ್ನು ಮೇಲಿಡ್ತಾರೋ ನೋಡಬೇಕು." ಒಂದಾಗಿ ಉಳಿಯುತ್ತಾರೆಯೇ ಎಂದು ಕೇಳಿದೆ. "ಉಳಿಯಬೇಕು ಮಾರಾಯ" ಎಂದರು, ಕಣ್ಣು ತುಂಬಿತ್ತು. ಆಮೇಲೆ ಒಳಗೆ ಹೋಗಿ ನನಗೆ ನೀರುದೋಸೆ ಹೊಯ್ದರು, ತಾವು ನಿಂತೇ ಇದ್ದರು.

ಒಕ್ಕೂಟಗಳ ಭವಿಷ್ಯವನ್ನು ಕುರಿತು ಆಶಾವಾದಿಗಳು ಭಾಷಣ ಮಾಡುತ್ತಾರೆ, ಸಂಶಯವಾದಿಗಳು ಲೇಖನ ಬರೆಯುತ್ತಾರೆ. ರತ್ನಾವತಿಯವರಂಥವರು ಅವರಿಬ್ಬರ ನಡುವೆ ಬೈಯುತ್ತ ಬಡಿಸುತ್ತ ನಿಂತಿರುತ್ತಾರೆ. ಮನೆಯಾಗಲಿ ಖಂಡವಾಗಲಿ, ಒಂದಾಗಿ ಉಳಿಯುವಷ್ಟು ದಿನ ಉಳಿಯುವುದು ಅವರಿಂದ. ಯಜಮಾನ ಯಾರೆಂದು ಅವರು ಜಗತ್ತನ್ನೆಲ್ಲ ಕೇಳುತ್ತ ತಿರುಗಿದರು. ಉತ್ತರ ನಮ್ಮೆದುರಿಗೇ ಬಾಳೆಹಣ್ಣು ಸುಲಿಯುತ್ತ ನಿಂತಿದ್ದಾಗ ನಾವು ತಟ್ಟೆ ತುಂಬಿಸಿಕೊಳ್ಳುತ್ತಿದ್ದೆವು.