ಸಾಬಮ್ಮನ ಕಾಲಿಗೆ ಬಾಗಿಲ ಬಿಜಾಗ್ರಿ

ನಾನು ಹುಲೆಪ್ಪ, ನಿಂಬರ್ಗಾದ ಬಡಿಗ. ನಾನು ಬಿಜಾಗ್ರಿ ಎಂಬ ಕೀಲು ಬಡಿದು ಕೂಡಿಸಿದ ಬಾಗಿಲು ಎಲ್ಲಾದರೂ ಕಿರ್ರೆಂದರೆ ನನ್ನ ಕಿವಿ ಹಿಂಡಿ ಕೇಳಿ. ಕೂಸು ಕಿರುಬೆರಳಿನಿಂದ ದೂಡಿದರೂ ತೆರೆಯಬೇಕು, ಅಂಥ ಕೆಲಸ ನನ್ನದು. ಆ ಸೊಕ್ಕೇ ನನ್ನ ಮಗಳ ನಡಿಗೆಯನ್ನು ತಿಂದಿತು.

ಸಾಬಮ್ಮ ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ಮುಂದೆ ಸೊಲ್ಲಾಪುರದ ದವಾಖಾನೆಯಲ್ಲಿ ಕ್ಯಾಲಿಪರ್ ಕೊಟ್ಟರು. ಕಾಲಿನ ಎರಡೂ ಬದಿಗೆ ಕಬ್ಬಿಣದ ಪಟ್ಟಿ, ಮೊಣಕಾಲ ಹತ್ತಿರ ಒಂದೊಂದು ಕೀಲು, ಆ ಕೀಲಿನ ಮೇಲೆ ಒಂದೊಂದು ರಿಂಗು, ಕೆಳಗೆ ಬೂಟು. ಅದನ್ನು ತರಲು ಹೋದವಳು ನನ್ನ ಹೆಂಡತಿ ಅಂಬುಬಾಯಿ. ಅವರ ಮನೆ ಚೌಕಟ್ಟು, ಇವರ ಮನೆ ಕಿಟಕಿ, ನನಗೆಲ್ಲಿ ಪುರಸೊತ್ತು!

ಅದು ೧೯೮೬. ಏಳನೇ ಇಯತ್ತೆಯ ಪಬ್ಲಿಕ್ ಪರೀಕ್ಷೆ ಸೋಮವಾರ ಆಳಂದದಲ್ಲಿತ್ತು. ಶನಿವಾರ ಸಂಜೆ ಹೊರಬದಿಯ ಕೀಲು ಮುರಿಯಿತು. ಸೊಲ್ಲಾಪುರಕ್ಕೆ ಒಯ್ದರೆ ಎಂಟು ದಿನವಾದರೂ ಬೇಕು.

"ಅಪ್ಪಾ, ಪೇಪರ್ ತಪ್ಪಿದ್ರ ನನ್ನ ಸಾಲಿ ಮುಗೀತು," ಎಂದು ಹುಡುಗಿ ಅಳತೊಡಗಿದಳು. ಹೈಸ್ಕೂಲು ಸೇರಬೇಕೆಂಬುದೊಂದೇ ಅವಳ ಹಂಬಲ.

"ಅಳಬ್ಯಾಡ ಬೇ. ಊರಿಗೆಲ್ಲ ಬಿಜಾಗ್ರಿ ಬಡಿಯೋ ನಿಮ್ಮಪ್ಪ ನಿನಗ ಬಡ್ಯಾಂಗಿಲ್ಲೇನು?" ಎಂದೆ.

ರವಿವಾರ ಮುಂಜಾನೆ ಕಟ್ಟೆಯ ಮೇಲೆ ಕುಳಿತೆ. ಮುರಿದ ಕೀಲಿನ ಮೊಳೆ ಕಡಿದು ತೆಗೆದೆ. ಕಿಟಕಿಗೆ ಹಾಕುವ ಸಣ್ಣ ಬಿಜಾಗ್ರಿಯನ್ನು ಪಟ್ಟಿಯ ಅಗಲಕ್ಕೆ ಕೊಯ್ದು, ತೂತು ಹೊಡೆದು, ಬೋಲ್ಟು ಬಿಗಿದೆ. ರಿಂಗು ಅದರ ಮೇಲೆ ಕೂಡಲಿಲ್ಲ. ತೆಗೆದು ಒಗೆದೆ. ಆಮೇಲೆ ಒಳಬದಿಯ ಕೀಲು ನೋಡಿದೆ. ಒಂದು ಬಾಗಿಲಿನ ಎರಡು ಬಿಜಾಗ್ರಿ ಸಮ ತಿರುಗಬೇಕು, ಒಂದು ಬಿಗಿ ಇನ್ನೊಂದು ಸಡಿಲಾದರೆ ಬಾಗಿಲು ಸೊಟ್ಟಾಗುತ್ತದೆ. ನನ್ನಪ್ಪ ಕಲಿಸಿದ ಮೊದಲ ಪಾಠವೇ ಅದು. ಎರಡೂ ಸಮ ಇರಲೆಂದು ಆ ರಿಂಗನ್ನೂ ಕೊಯ್ದು ಹಾಕಿದೆ.

ಅಂಬುಬಾಯಿ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿಬಂದಳು. "ಅಯ್ಯ, ಅದನ್ಯಾಕ ತಗದ್ರಿ! ನಿಂತಾಗ ರಿಂಗು ಕೆಳಗ ಇಳಸಬೇಕಂತ ಡಾಕ್ಟರ್ ಸಾಬ್ರು ಹೇಳ್ಯಾರ್ರಿ. ಇಲ್ಲಂದ್ರ ಮಣಕಾಲ ಮಡಚತದಂತ."

"ಬಡಿಗ್ಯಾ ನೀನೋ ನಾನೋ? ಹೆಂಗಸರ ಬುದ್ಧಿ ಮಣಕಾಲ ಕೆಳಗ ಅಂತಾರಲ್ಲ, ಸುಳ್ಳಲ್ಲ. ರೊಟ್ಟಿ ಬಡಿ, ಹೋಗು!"

ಥೂ, ಈ ನಾಲಿಗೆಗೆ ಹುಳ ಬೀಳಲಿ.

ಸಾಬಮ್ಮ ಪಟ್ಟಿ ಕಟ್ಟಿಕೊಂಡು, ಒಂದು ಕೈ ಗೋಡೆಗೆ, ಒಂದು ಕೈ ತೊಡೆಗೆ ಒತ್ತಿ ನಿಂತಳು. "ಬಾಗಾಕತ್ತದ ಅಪ್ಪಾ."

"ಬಾಗ್ಲಿ ಅಂತನೇ ಹಾಕೇನಿ. ರೂಢಿ ಆಗ್ತದ."

ಅವಳು ತಲೆಯಾಡಿಸಿದಳು. ಡಾಕ್ಟರರಿಗಿಂತ ನನ್ನ ಮೇಲೆಯೇ ಅವಳಿಗೆ ಹೆಚ್ಚು ಭರವಸೆ.

ಸೋಮವಾರ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ನಾನು ಅವಳ ಹಿಂದೆಯೇ ಇದ್ದೆ. ಒಂದು ಕೈಯಲ್ಲಿ ಬರೆಯುವ ಪ್ಯಾಡು, ಇನ್ನೊಂದು ಕೈ ಬಸ್ಸಿನ ಬಾಗಿಲಿನ ಸರಳಿಗೆ. ತೊಡೆ ಒತ್ತಿಕೊಳ್ಳಲು ಮೂರನೇ ಕೈ ಎಲ್ಲಿಂದ ಬರಬೇಕು? ಎಡಗಾಲು ನೆಲಕ್ಕಿಟ್ಟಳು. ಮೊಣಕಾಲು ನನ್ನ ಬಾಗಿಲುಗಳ ಹಾಗೆಯೇ, ಸಪ್ಪಳವಿಲ್ಲದೆ ಮಡಚಿತು. ಬಲಗಾಲು ಮೆಟ್ಟಿಲಿನ ಸಂದಿಯಲ್ಲಿ ಸಿಕ್ಕಿ ತಿರುಚಿತು. ಲಟ್ ಎಂದಿದ್ದು ಆ ಗಟ್ಟಿ ಕಾಲಿನ ತೊಡೆಯ ಎಲುಬು.

ಸೊಲ್ಲಾಪುರದಲ್ಲಿ ಎರಡು ಸಲ ಆಪರೇಷನ್ ಮಾಡಿದರು. ಗಾಯಕ್ಕೆ ಕೀವು ತುಂಬಿತು, ಎಲುಬು ಕೂಡಲಿಲ್ಲ. ಇನ್ನು ನಡೆಯುವ ಆಸೆ ಬಿಡಿ ಎಂದರು. ಮರುದಿನ ಡಾಕ್ಟರು ಮಂಚದ ಕೆಳಗಿದ್ದ ಕ್ಯಾಲಿಪರ್ ಎತ್ತಿ ತಿರುವಿ ನೋಡಿ ಕೇಳಿದರು:

"ಇದರ ರಿಂಗು ಯಾರು ತೆಗೆದರು? ಇದ್ದಿದ್ದರೆ ಈ ಹುಡುಗಿ ಬೀಳುತ್ತಲೇ ಇರಲಿಲ್ಲ."

ಅಂಬುಬಾಯಿ ನನ್ನನ್ನೇ ನೋಡಿದಳು. ನಾನು ಕಿಟಕಿಯ ಬಿಜಾಗ್ರಿ ನೋಡತೊಡಗಿದೆ.

"ನಾನೇ ತಗದೇನ್ರಿ," ಎಂದಳು ಸಾಬಮ್ಮ. "ಕುಂದ್ರಾಕ ತ್ರಾಸ ಆಗ್ತಿತ್ರಿ. ನಮ್ಮಪ್ಪ ಬ್ಯಾಡಂತಿದ್ದ, ನಾನೇ ಕೇಳ್ಲಿಲ್ಲ."

ಡಾಕ್ಟರು ಅವಳನ್ನು ಬಹಳ ಹೊತ್ತು ಬೈದರು. ನಾನು ಬೈಯಲು ಬಿಟ್ಟೆ.