ಮೀನಿದ್ದರೆ ಮಾತ್ರ ಊದುವ ಶಂಖ

ನಾನು ಒಂದು ಶಂಖ. ನಿಮ್ಮಲ್ಲಿ ನನ್ನ ಬಂಧುಗಳು ದೇವರ ಮುಂದೆ ಕೂರುತ್ತಾರಂತೆ, ತೀರ್ಥ ಹೊರುತ್ತಾರಂತೆ. ನನಗೆ ಆ ಭಾಗ್ಯವಿಲ್ಲ. ನಾನು ಹುಟ್ಟಿದ್ದು ಕೆರಿಬಿಯನ್ ಕಡಲಿನ ಪುಟ್ಟ ದ್ವೀಪವೊಂದರ ಬಳಿ, ನೀರೊಳಗಿನ ಹುಲ್ಲಿನ ನಡುವೆ. ನನ್ನೊಳಗಿದ್ದ ಜೀವವನ್ನು ಆಂಬ್ರೋಸ್ ಎಂಬ ಮೀನುಗಾರ ಸಾರು ಮಾಡಿ ಉಂಡ. ಚಿಪ್ಪನ್ನು ಎಸೆಯಲಿಲ್ಲ. ಗರಗಸದಿಂದ ತುದಿ ಕೊಯ್ದು ಬಾಯಿ ಮಾಡಿದ. ನೋವಾಯಿತು. ಆದರೆ ನನಗೆ ದನಿ ಬಂದದ್ದೂ ಆ ಗಾಯದಿಂದಲೇ.

ಆ ಊರಿನಲ್ಲಿ ಶಂಖ ಊದಿದರೆ ಒಂದೇ ಅರ್ಥ: ದೋಣಿ ಬಂದಿದೆ, ಮೀನು ಇದೆ. ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಬೇಸಿನ್ ಹಿಡಿದು ದಡಕ್ಕೆ ಇಳಿಯುತ್ತಾರೆ. ಮೀನಿಲ್ಲದೆ ಊದಿದವರನ್ನು ಊರು ಬೇಗ ಕ್ಷಮಿಸುವುದಿಲ್ಲ.

ಆಂಬ್ರೋಸ್ ತೀರಿಕೊಂಡ ಮೇಲೆ ಮಗಳು ಅಡ್ಲಿನ್ ಕೈಗೆ ಬಂದೆ. ಅವಳು ಮೀನು ಮಾರುತ್ತಿದ್ದಳು. ಕೈ ಮೀನಿನ ಹುರುಪೆ ಕೆರೆಯುತ್ತಿದ್ದರೆ ಬಾಯಿ ಸರಕಾರವನ್ನು ಕೆರೆಯುತ್ತಿತ್ತು. ಹಿಡಿದ ಮೀನು ಬಿಸಿಲಿಗೆ ಕೊಳೆಯುತ್ತದೆ, ನಮಗೊಂದು ಮಂಜುಗಡ್ಡೆಯ ಮನೆ ಏಕಿಲ್ಲ ಎಂಬುದು ಅವಳ ದಿನನಿತ್ಯದ ಪ್ರಶ್ನೆ.

"ನೀನೇ ಚುನಾವಣೆಗೆ ನಿಂತ್ಕೋ, ಟಾಂಟಿ" ಎಂದರು ಜನ. ಟಾಂಟಿ ಎಂದರೆ ಅಲ್ಲಿ ಚಿಕ್ಕಮ್ಮ.

ಮೊದಲ ಸಭೆಗೆ ಮೈಕ್ ಇರಲಿಲ್ಲ. ಜನ ಸೇರಲೆಂದು ಅವಳು ನನ್ನನ್ನು ಊದಿದಳು. ಊರಿಗೆ ಊರೇ ಬಂತು, ಬೇಸಿನ್ ಸಮೇತ. ಅವಳು ಪೆಟ್ಟಿಗೆಯ ಮೇಲೆ ಹತ್ತಿ, "ಪ್ರೀತಿಯ ಮತದಾರರೇ" ಎಂದಳು.

"ಮೀನೆಲ್ಲಿ?" ಎಂದಳು ನೆರೆಮನೆಯ ಸೆಲೆಸ್ಟಿನ್.

"ಇವತ್ತು ಮೀನಿಲ್ಲ. ಭಾಷಣ."

"ಮೀನು ತೊಳೆಯೋಕೆ ನಾಲ್ಕು ನಿಂಬೆಹಣ್ಣು ಕೊಯ್ದಿಟ್ಟು ಬಂದಿದೀನಿ. ಈಗ ಅದನ್ನ ನಿನ್ನ ಭಾಷಣಕ್ಕೆ ಹಿಂಡಲಾ?"

ದಡವೆಲ್ಲ ನಕ್ಕಿತು. ಅಡ್ಲಿನ್ ನಗಲಿಲ್ಲ. ಪೆಟ್ಟಿಗೆಯಿಂದ ಇಳಿದು, "ತಪ್ಪಾಯ್ತು. ಇನ್ಮೇಲೆ ಕೊಡೋಕೆ ಏನೂ ಇಲ್ದೆ ಇದನ್ನ ಊದಲ್ಲ" ಎಂದಳು.

ಆ ಚುನಾವಣೆ ಸೋತಳು. ಮುಂದಿನದಕ್ಕೆ ಮನೆಮನೆಗೂ ನಡೆದು ಗೆದ್ದಳು. ಮೀನುಗಾರಿಕೆ ಮಂತ್ರಿಯೂ ಆದಳು. ರಾಜಧಾನಿಯ ಕಚೇರಿಯಲ್ಲಿ ನಾನು ಕಡತಗಳ ಮೇಲೆ ಕೂತು ಹತ್ತು ವರ್ಷ ಕಳೆದೆ. ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ನೋಡುವುದೇ ಕೆಲಸ. ಬಂದವರು ಮೂಗು ಮುರಿಯುತ್ತಿದ್ದರು: "ಮಿಸ್ ಅಡ್ಲಿನ್, ಇದರ ಮೀನಿನ ವಾಸನೆ ಇನ್ನೂ ಹೋಗಿಲ್ವಲ್ಲ?"

"ಹೋದ ದಿನ ಹೇಳಿ, ರಾಜೀನಾಮೆ ಕೊಡ್ತೀನಿ."

ಕೊನೆಗೂ ಊರಿನ ದಡದಲ್ಲಿ ಮಂಜುಗಡ್ಡೆಯ ಮನೆ ಎದ್ದಿತು. ಬಣ್ಣ ಬಳಿದಾಯಿತು, ಬೋರ್ಡು ಏರಿತು. ಮಂಜುಗಡ್ಡೆ ಮಾಡುವ ಯಂತ್ರ ಮಾತ್ರ ಬಂದಿರಲಿಲ್ಲ. ಚುನಾವಣೆ ಹತ್ತಿರವಿತ್ತು. ಪಕ್ಷದ ನಾಯಕರು ಬಾಗಿಲಿಗೆ ರಿಬ್ಬನ್ ಕಟ್ಟಿಸಿ ಅವಳ ಕಿವಿಯಲ್ಲಿ ಹೇಳಿದರು: "ಊದಿಬಿಡು. ಒಳಗೆ ಹೋಗಿ ಯಾರು ನೋಡ್ತಾರೆ? ಊದದಿದ್ರೆ ನಿನ್ನ ಟಿಕೆಟ್ ಇನ್ನೊಬ್ಬರಿಗೆ."

ಅವಳು ನನ್ನನ್ನು ತುಟಿಗಿಟ್ಟಳು. ಎದೆ ತುಂಬ ಉಸಿರೆಳೆದಳು. ಎದುರಿಗೆ ಬೇಸಿನ್ ಹಿಡಿದ ಜನ. ಆ ಉಸಿರು ನನ್ನ ಬಾಯಿಯವರೆಗೆ ಬಂದು ನಿಂತಿತು. ಅವಳು ನನ್ನನ್ನು ಕೆಳಗಿಳಿಸಿದಳು.

"ಒಳಗೆ ಮಂಜುಗಡ್ಡೆ ಇಲ್ಲ. ಮನೆಗೆ ಹೋಗಿ."

ಟಿಕೆಟ್ ಹೋಯಿತು, ಪದವಿಯೂ ಹೋಯಿತು. ನಾವಿಬ್ಬರೂ ಮೀನು ಮಾರಲು ದಡಕ್ಕೆ ಮರಳಿದೆವು.

ಮರುವರ್ಷ, ಚುನಾವಣೆ ಗೆದ್ದ ಎದುರುಪಕ್ಷದ ಹೊಸ ಮಂತ್ರಿ ಯಂತ್ರ ತರಿಸಿ, ಬ್ಯಾಂಡ್ ಬಾರಿಸಿಕೊಂಡು ಬಂದ. ರಿಬ್ಬನ್ ಕತ್ತರಿಸಿದ. ಯಾರೂ ಹೆಜ್ಜೆ ಕೀಳಲಿಲ್ಲ. ಸೆಲೆಸ್ಟಿನ್ ಅಷ್ಟರಲ್ಲಿ ಮುದುಕಿಯಾಗಿ ಊರುಗೋಲು ಹಿಡಿದಿದ್ದಳು. "ಟಾಂಟಿ ಊದ್ಲಿ, ಆಮೇಲೆ ನೋಡೋಣ" ಎಂದಳು.

ಅಡ್ಲಿನ್ ಒಬ್ಬಳೇ ಒಳಗೆ ಹೋದಳು. ಹೊರಬಂದಾಗ ಅವಳ ಮುಷ್ಟಿಯಿಂದ ಮೊಣಕೈವರೆಗೆ ನೀರು ಹರಿಯುತ್ತಿತ್ತು. ಮಂಜುಗಡ್ಡೆಯ ಚೂರನ್ನು ಸೆಲೆಸ್ಟಿನ್ ಅಂಗೈಯಲ್ಲಿಟ್ಟಳು. ಆಮೇಲೆ ಊದಿದಳು. ಗುಡ್ಡದ ಆಚೆಯ ನಾಯಿಗಳೂ ಬೊಗಳಿದವು.

ಈಗ ಅವಳಿಗೆ ಉಬ್ಬಸ. ನನ್ನ ತುಟಿ ಸೀಳಿದೆ. ದೋಣಿ ಬಂದರೆ ಎಲ್ಲರ ಫೋನು ಗುಂಯ್‌ಗುಡುತ್ತದೆ. ಅವಳ ಮನೆಯ ಕಿಟಕಿಯಲ್ಲಿ ಕೂತಿದ್ದೇನೆ. ನೋಡಲು ಬಂದವರು ನನ್ನನ್ನು ಕಿವಿಗಿಟ್ಟುಕೊಂಡು, "ಒಳಗೆ ಕಡಲು ಕೇಳಿಸ್ತಿದೆ" ಎನ್ನುತ್ತಾರೆ. ಇರಬಹುದು. ಅವಳು ಊದಿದ ಉಸಿರೆಲ್ಲ ಗಾಳಿಗೆ ಹೋಯಿತು. ರಿಬ್ಬನ್ನಿನ ಮುಂದೆ ಊದದೆ ಹಿಡಿದ ಆ ಒಂದು ಉಸಿರು ಮಾತ್ರ ಇನ್ನೂ ನನ್ನಲ್ಲೇ ಇದೆ.