ಒಲೆ ಹಚ್ಚದ ಮನೆಯ ಊಟ

ದೊನಾತಾ ಸತ್ತದ್ದು ಆಗಸ್ಟ್ ತಿಂಗಳ ನಟ್ಟನಡುವೆ, ಊರ ತುಂಬ ಹೊರಗಿನವರು ಗಿಜಿಗುಡುವ ಹೊತ್ತಿನಲ್ಲಿ. ಸಾಯುವುದಕ್ಕೂ ಹೊತ್ತುಗೊತ್ತು ಬೇಡವೇ ಎಂದು ಚೆಸಾರಿಯಾಳ ಮಗ ಪಂತಲೇಯೊ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ದೊಡ್ಡಮ್ಮನನ್ನು ಕಳಿಸಿ ಸ್ಮಶಾನದಿಂದ ಬಂದವನು ಕಪ್ಪು ಟೈ ಬಿಚ್ಚುವ ಮುಂಚೆಯೇ ಫೋನ್ ಕೈಗೆತ್ತಿಕೊಂಡ.

ಅವನ ವ್ಯಾಪಾರವೇ ಅಂಥದ್ದು. ಹಿತ್ತಲ ನಿಂಬೆಮರದ ಕೆಳಗೆ ಉದ್ದನೆಯ ಮೇಜು ಹಾಕಿ, 'ಅಜ್ಜಿಯ ಮನೆ ಊಟ' ಎಂದು ಹೆಸರಿಟ್ಟು, ಸಮುದ್ರಕ್ಕೆಂದು ಬಂದ ಪ್ರವಾಸಿಗರಿಗೆ ಬಡಿಸುತ್ತಿದ್ದ. ಅಜ್ಜಿ ಎಂದರೆ ಚೆಸಾರಿಯಾ. ಅವಳು ಪಾಸ್ತಾ ಹೊಸೆಯಬೇಕು, ಬಂದವರು ಫೋಟೋ ಹಿಡಿಯಬೇಕು, ಅವಳು ನಗಬೇಕು. ಸುಳ್ಳೇಕೆ, ಅವಳಿಗೂ ಅದು ಖುಷಿಯೇ. ಗಂಡ ಹೋದ ಮೇಲೆ ಅವಳ ಕೈರುಚಿಯನ್ನು ಕೇಳುವವರಾದರೂ ಯಾರಿದ್ದರು? ಆದರೆ ಅರ್ಧ ಕೆಲಸ ಅಕ್ಕ ದೊನಾತಾಳದು. ಮದುವೆಯಾಗದೆ ತಂಗಿಯ ಮನೆಯಲ್ಲೇ ಮುದುಕಿಯಾದ ಆ ಜೀವ ಹಿತ್ತಲಿಗೆ ಒಂದು ದಿನ ಬಂದದ್ದಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತು ಹಿಟ್ಟು ನಾದಿ ನಾದಿಯೇ ಹೋಯಿತು.

"ಅಮ್ಮಾ, ನಾಳೆ ಸಂಜೆ ಎಂಟು ಜನ ಬರ್ತಾರೆ. ಮಿಲಾನಿನವರು" ಎಂದ ಪಂತಲೇಯೊ.

"ನಾಳೇನಾ? ತಲೆ ನೆಟ್ಟಗಿದೆಯೇನೋ ನಿಂಗೆ? ನಮ್ಮಕ್ಕನ ಹಾಸಿಗೆ ಇನ್ನೂ ಮಡಚಿಲ್ಲ!"

"ಬೇಡ ಅಂದ್ರೆ ಫೋನಲ್ಲಿ ಕೆಟ್ಟದಾಗಿ ಬರೀತಾರಮ್ಮ. ಒಂದ್ಸಲ ಹೆಸರು ಕೆಟ್ರೆ ಮುಗೀತು ಕತೆ."

"ಬರ್ಕೊಳ್ಳಲಿ, ಬರ್ಕೊಂಡು ಹಾಳಾಗಿ ಹೋಗ್ಲಿ! ಈ ಮನೇಲಿ ಒಲೆ ಹಚ್ಚೋ ಹಾಗಿಲ್ಲ. ಹಚ್ಚೋದಾದ್ರೆ ನನ್ನ ದಾಟ್ಕೊಂಡು ಹೋಗಿ ಹಚ್ಚು."

ಸಾವಾದ ಮನೆಯಲ್ಲಿ ಒಲೆ ಉರಿಸುವುದುಂಟೇ? ಆ ಬೀದಿಯಲ್ಲಿ ಹಾಗೆ ಮಾಡಿದವರನ್ನು ಕಂಡವರಿಲ್ಲ. ಮೂರು ದಿನ ನೆರೆಹೊರೆಯವರು ಬೇಯಿಸಿ ತಂದುಕೊಡುತ್ತಾರೆ. ಕೊನ್ಸೊಲೊ ಎನ್ನುತ್ತಾರೆ ಅದಕ್ಕೆ. ಅತ್ತವರ ಹೊಟ್ಟೆಗೆಂದೇ ಮಾಡಿದ ಊಟ ಅದು. ತಂದವರು ಬಾಗಿಲಲ್ಲಿ ನಿಂತು ಮಾತಾಡುವುದಿಲ್ಲ, ತಿಂದವರು ಚೆನ್ನಾಗಿದೆ ಎನ್ನುವುದಿಲ್ಲ. ಇವತ್ತು ನೀವು, ನಾಳೆ ನಾವು. ಬೀದಿಯವರು ಜಗಳವಾಡಿ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿದ್ದರೂ ಸಾವಿನ ಮನೆಗೆ ಪಾತ್ರೆ ಹೊರುವುದನ್ನು ತಪ್ಪಿಸುತ್ತಿರಲಿಲ್ಲ. ಈ ಕೊಡುಕೊಳ್ಳುವುದರಿಂದ ಹೊರಬಿದ್ದವರು ಬೀದಿಯಲ್ಲಿದ್ದೂ ಇಲ್ಲದವರೇ ಸರಿ.

ಮರುದಿನ ಸಂಜೆ ಎದುರುಮನೆಯ ವೀಟಾ ಬಂದಳು. ಚೆಸಾರಿಯಾಳಿಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಅವಳ ತಾಯಿ ಸತ್ತಾಗ ಮೊದಲ ಪಾತ್ರೆ ಹೋದದ್ದು ಈ ಮನೆಯಿಂದ. ಹಾಸಿಗೆ ಹಿಡಿದ ಗಂಡ ಇಪ್ಪಾಜಿಯೊನನ್ನು ನೋಡಿಕೊಳ್ಳುತ್ತಲೇ ಬೆಳಗಿನಿಂದ ಬೇಯಿಸಿದ್ದಳು: ದೊಡ್ಡ ಪಾತ್ರೆಯ ತುಂಬ ಕೋಳಿ ಸಾರು, ಮಾಂಸದ ಉಂಡೆ, ಬೇಯಿಸಿದ ಕಾಡುಸೊಪ್ಪು, ಬ್ರೆಡ್ಡು. ಬಿಳಿ ಬಟ್ಟೆ ಮುಚ್ಚಿ ಮೇಜಿನ ಮೇಲಿಟ್ಟು, "ಅಕ್ಕಾ, ಆಮೇಲೆ ಕಾಫಿ ತರ್ತೀನಿ" ಎಂದಷ್ಟೇ ಹೇಳಿ ಹೋದಳು.

ಪಂತಲೇಯೊ ಬಟ್ಟೆ ಸರಿಸಿ ನೋಡಿದ. ಅವನ ಮುಖ ಅರಳಿತು.

"ಅಮ್ಮಾ, ಇಷ್ಟನ್ನ ನಾವಿಬ್ಬರೇ ತಿಂತೀವಾ? ನೀನಂತೂ ನಿನ್ನೆಯಿಂದ ನೀರೂ ಕುಡಿದಿಲ್ಲ. ಒಲೆ ಹಚ್ಚೋದೇ ಬೇಡ. ಇದನ್ನೇ ಬಡಿಸ್ತೀನಿ."

ಅಲ್ಲೇ ಮುದುಕಿ ಎಡವಿದ್ದು. ನಿನ್ನೆಯಿಂದ ಅವಳ ತಲೆಯಲ್ಲಿ ತುಂಬಿದ್ದುದು ಒಲೆಯೊಂದೇ. ಅಕ್ಕನ ಮಾನವೆಲ್ಲ ಆ ಒಲೆಯಲ್ಲಿದೆ ಎಂದು ಹಟ ಹಿಡಿದು ಕೂತಿದ್ದಳು. ಒಲೆ ತಣ್ಣಗಿರುತ್ತದಲ್ಲ, ಮಗ ತನ್ನ ಮಾತು ಮೀರಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡು, "ಏನಾದ್ರೂ ಮಾಡ್ಕೋ ಹೋಗು" ಎಂದುಬಿಟ್ಟಳು. ಬಾಗಿಲು ಕಾಯುತ್ತ ಕೂತವಳು ಮನೆಯನ್ನೇ ಕಳ್ಳನ ಕೈಗೆ ಕೊಟ್ಟ ಹಾಗಾಯಿತು. ದೊನಾತಾಳ ಕೋಣೆಗೆ ಹೋಗಿ ಕಿಟಕಿ ಮುಚ್ಚಿಕೊಂಡು ಕೂತಳು.

ಕಾಫಿ ಹಿಡಿದು ಬಂದ ವೀಟಾಳಿಗೆ ಹಿತ್ತಲಿನಿಂದ ನಗು ಕೇಳಿಸಿತು. ಸಾವಿನ ಮನೆಯಲ್ಲಿ ಎಂಥ ನಗು ಎಂದುಕೊಂಡು ಒಳಗಿನಿಂದ ಹಾದು ಹೋದರೆ, ನಿಂಬೆಮರದ ಕೆಳಗೆ ದೀಪದ ಸಾಲು. ನಡುವೆ ಅವಳದೇ ಪಾತ್ರೆ. ಹುಲ್ಲಿನ ಟೊಪ್ಪಿಗೆಯ ಹೆಂಗಸೊಬ್ಬಳು ಸಾರಿಗೆ ಬ್ರೆಡ್ಡು ಅದ್ದಿ ತಿನ್ನುತ್ತಿದ್ದಳು. ಪಂತಲೇಯೊನಿಗಾದರೂ ನಾಚಿಕೆಯಾಯಿತೇ? ಎಲ್ಲಿಯದು!

"ಬಾ ವೀಟಕ್ಕ, ಬಾ! ನೋಡಿ, ಇವತ್ತಿನ ಅಡುಗೆ ಇವರದೇ!"

ಎಂಟೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಏನು ಚೆನ್ನಾಗಿದೆ ರೀ! ದುಡ್ಡು ಕೊಟ್ರೂ ಹೋಟೆಲಲ್ಲಿ ಇಂಥದ್ದು ಸಿಗಲ್ಲ. ಇದು ನೋಡಿ, ನಿಜವಾದ ಹಳ್ಳಿ ಊಟ ಅಂದ್ರೆ!" ಎಂದಳು ಟೊಪ್ಪಿಗೆಯವಳು. ಪಾಪ, ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಸದ್ದು ಕೇಳಿ ಚೆಸಾರಿಯಾ ಬಾಗಿಲಿಗೆ ಬಂದಳು. ಅತ್ತು ಊದಿದ ಮುಖ, ಕಪ್ಪು ಬಟ್ಟೆ, ತಲೆಗೆ ಕಪ್ಪು ವಸ್ತ್ರ. ಯಾರೋ ಫೋಟೋ ತೆಗೆದರು. ವೀಟಾ ಅವಳನ್ನೊಮ್ಮೆ ನೋಡಿದಳು, ಕಾಫಿಯನ್ನು ನೆಲದ ಮೇಲಿಟ್ಟಳು, ಬಂದ ದಾರಿಯಲ್ಲೇ ಹೊರಟುಹೋದಳು.

ಮರುದಿನ ಯಾರೂ ಏನೂ ತರಲಿಲ್ಲ. ಅದರ ಮರುದಿನವೂ ಅಷ್ಟೇ. ಚೆಸಾರಿಯಾ ತೊಳೆದ ಪಾತ್ರೆ ಹಿಡಿದುಕೊಂಡು ಎದುರುಮನೆಗೆ ಹೋದಳು. ಬಾಗಿಲು ತೆರೆಯಲಿಲ್ಲ, ಹೊಸ್ತಿಲಲ್ಲಿಟ್ಟು ಬಂದಳು. ಬ್ರೆಡ್ಡಿನ ಅಂಗಡಿಯಲ್ಲಿ ಹೆಂಗಸರು ಅವಳನ್ನು ಕಂಡೊಡನೆ ಮಾತು ನಿಲ್ಲಿಸುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನವೆಂಬರಿನಲ್ಲಿ ಇಪ್ಪಾಜಿಯೊ ತೀರಿಕೊಂಡ. ದೇವರು ಇದೊಂದು ಅವಕಾಶ ಕೊಟ್ಟ ಎಂದುಕೊಂಡಳು ಚೆಸಾರಿಯಾ, ಹಾಗೆ ಅಂದುಕೊಂಡದ್ದಕ್ಕೆ ತನಗೇ ಹೇಸಿಕೆಯಾಗಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಕೋಳಿ ಕೊಯ್ದು, ದಿನವೆಲ್ಲ ನಿಂತು ಸಾರು ಕಾಯಿಸಿ, ಬಿಳಿ ಬಟ್ಟೆ ಮುಚ್ಚಿಕೊಂಡು ಬೀದಿ ದಾಟಿದಳು. ವೀಟಾಳೇ ಬಾಗಿಲಿಗೆ ಬಂದಳು.

"ನೀವ್ಯಾಕೆ ತೊಂದರೆ ತಗೊಂಡ್ರಿ, ಚೆಸಾರಿಯಮ್ಮ?"

ಅಕ್ಕಾ ಎಂದು ಕರೆಯುತ್ತಿದ್ದ ಬಾಯಿ!

"ವೀಟಾ, ಬಾಯಿಗೆ ಬಂದ ಹಾಗೆ ಬೈಯಿ. ಮುಖಕ್ಕೆ ಉಗಿ. ಇದನ್ನೊಂದು ಒಳಗೆ ತಗೊಳ್ಳೇ, ನನ್ನವ್ವಾ."

"ಇಲ್ಲಿ ಅಳೋರು ಮಾತ್ರ ಇದ್ದಾರೆ. ಚಪ್ಪಾಳೆ ಹೊಡೆಯೋರು ಯಾರೂ ಇಲ್ಲ. ತಗೊಂಡು ಹೋಗಿ."

"ಹಾಗನ್ಬೇಡ್ವೇ... ಒಲೆ ಹಚ್ಚಿರಲಿಲ್ಲ ನಾನು. ದೇವರಾಣೆ ಹಚ್ಚಿರಲಿಲ್ಲ."

ವೀಟಾ ಗಂಡನ ಕೋಣೆಯ ಕಡೆ ಕೈ ತೋರಿದಳು. "ಅಲ್ಲಿ ಈ ಜೀವ ನರಳ್ತಾ ಬಿದ್ದಿತ್ತು, ನಾನು ದೊನಾತಕ್ಕನಿಗೆ ಅಂತ ಒಲೆ ಮುಂದೆ ನಿಂತಿದ್ದೆ. ಅವಳ ಹೆಸರಲ್ಲಿ ನೀನು ಒಂದು ತುತ್ತಾದ್ರೂ ತಿಂದ್ಯಾ? ಹೇಳು, ತಿಂದ್ಯಾ?"

ಚೆಸಾರಿಯಾ ತಿಂದಿರಲಿಲ್ಲ. ವೀಟಾ ಬಾಗಿಲು ಹಾಕಿಕೊಂಡಳು, ಸದ್ದು ಮಾಡದೆ, ಒಳಗೆ ಹೆಣವಿದೆ ಎಂದು.

ಪಾತ್ರೆ ಹೊತ್ತು ಬಂದ ತಾಯಿಯನ್ನು ಕಂಡು ಪಂತಲೇಯೊ, "ಒಳಗೆ ಸೇರಿಸ್ಲಿಲ್ವಾ? ಬಿಡಮ್ಮ, ಈ ಜನಕ್ಕೆ ಹೊಟ್ಟೆಕಿಚ್ಚು" ಎಂದ.

ಚೆಸಾರಿಯಾ ಕುರ್ಚಿಯಲ್ಲಿ ಕುಸಿದಳು. "ನಾನು ಸತ್ತ ದಿನ ನಿಂಗೆ ಊಟ ಯಾರು ತರ್ತಾರೋ ಮಗನೇ?"

"ಅಯ್ಯೋ, ಅದಕ್ಕೇನಮ್ಮ ಅಷ್ಟು ಯೋಚನೆ? ಒಂದು ಫೋನ್ ಮಾಡಿದ್ರೆ ಪಿಜ್ಜಾ ಬಾಗಿಲಿಗೇ ಬರುತ್ತೆ."

ಅವನು ತಮಾಷೆ ಮಾಡುತ್ತಿರಲಿಲ್ಲ. ತಾಯಿಗೆ ಧೈರ್ಯ ಹೇಳಿದೆನೆಂದೇ ಅವನು ತಿಳಿದಿದ್ದ. ಬಡಪಾಯಿ ಚೆಸಾರಿಯಾ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಕ್ಕನಿಗಾಗಿ ಅಲ್ಲ, ಇಪ್ಪಾಜಿಯೊನಿಗಾಗಿಯೂ ಅಲ್ಲ, ತನಗಾಗಿ.